ಪೀಳಿಗೆ ಬದಲಾದ ವರ್ಷ

ಹೋದ ವಾರ ನಮ್ಮ ಸೊಸೈಟಿಯ ಲಿಫ್ಟ್ ಕೆಟ್ಟಿತ್ತು. ರಿಪೇರಿಗೆ ಬಂದವನು ನಮ್ಮ ಬಾಗಿಲ ಎದುರೇ ಗುಂಡಿಗಳ ಫಲಕ ಬಿಚ್ಚಿಕೊಂಡು ಕುಳಿತು ತಂತಿಗಳಿಗೆ ಬೆಸುಗೆ ಹಾಕುತ್ತಿದ್ದ. ರಾಳ ಸುಟ್ಟ ವಾಸನೆ ಒಳಗೆ ಬಂತು. ಅದರ ಬೆನ್ನಿಗೇ ಎಂಐಡಿಸಿ ಕೈಗಾರಿಕಾ ವಸಾಹತಿನ ಕಡೆಯಿಂದ, ಮಳೆಗಾಲದ ಸಂಜೆಗಳಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯ ಈ ಭಾಗಕ್ಕೆ ತಪ್ಪದೆ ಬರುವ, ಕೊಳೆತ ಮೂಲಂಗಿಯಂಥ ಕೆಮಿಕಲ್ ವಾಸನೆ. ಎರಡೂ ಕೂಡಿದರೆ ನನಗೆ ಒಂದೇ ಒಂದು ವರ್ಷ ನೆನಪಾಗುತ್ತದೆ. ಅವ್ವ ಬಾಗಿಲು ಹಾಕಲೇ ಎಂದು ಕೇಳಿದಳು. ಹಾಕು ಅಂದೆ. ಆಮೇಲೆ, ಬೇಡ, ಇರಲಿ ಅಂದೆ.

ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳನ್ನು ಮಾಡುವ ಒಂದು ದೊಡ್ಡ ವಿದೇಶಿ ಕಂಪನಿ ತನ್ನ ಹಳೆಯ ಯಂತ್ರವನ್ನು ಪೂರ್ತಿ ಕೈಬಿಟ್ಟು ಹೊಸದಕ್ಕೆ ಹೊರಳಿದ ವರ್ಷ ಅದು. ಯಾವ ಕಂಪನಿ ಎಂದು ಹೇಳುವುದಿಲ್ಲ. ಎಲ್ಲ ಕಂಪನಿಗಳೂ ಮಾಡುವುದು ಹೆಚ್ಚು ಕಡಿಮೆ ಒಂದೇ ಎಂದು ಈಗ ನನಗೆ ಗೊತ್ತಾಗಿದೆ. ಕೆಲವು ವರ್ಷಕ್ಕೊಮ್ಮೆ ಹೊಸ ಪೆಟ್ಟಿಗೆ ಬರುತ್ತದೆ. ಅದನ್ನು ಅವರು 'ಜನರೇಷನ್' ಅನ್ನುತ್ತಾರೆ, ಪೀಳಿಗೆ. ಮನುಷ್ಯರ ಪೀಳಿಗೆ ಹೋಗುವುದಕ್ಕೆ ಬಹಳ ಕಾಲ ಬೇಕು, ಹೋದಾಗ ನಾಲ್ಕು ಜನ ಸೇರಿ ಅಳುತ್ತಾರೆ. ಪೆಟ್ಟಿಗೆಗಳ ಪೀಳಿಗೆಗೆ ಒಂದು ಇಮೇಲ್ ಸಾಕು.

ನನ್ನ ಹೆಸರು ವೀಣಾ. ನಮ್ಮದು ಬಾಗಲಕೋಟೆ ಕಡೆಯ ಮನೆತನ. ಅಪ್ಪ ಡೊಂಬಿವಲಿ ಎಂಐಡಿಸಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಫಿಟರ್ ಆಗಿ ಸೇರಿ, ಅಲ್ಲೇ ನಿವೃತ್ತನಾದ. ಶಾಲೆಯಲ್ಲಿದ್ದಾಗಲೇ ನನಗೆ ಸ್ನಾಯು ಸೊರಗುವ ಕಾಯಿಲೆ ಶುರುವಾಯಿತು. ಮೊದಲು ಮೆಟ್ಟಿಲು ಹೋಯಿತು, ಆಮೇಲೆ ನಡಿಗೆ, ಆಮೇಲೆ ಎಡಗೈ ಬೆರಳುಗಳು. ನಾನು ಹೇಳುತ್ತಿರುವ ವರ್ಷ ನನ್ನ ಹತ್ತಿರ ಇದ್ದದ್ದು ಬಲಗೈಯ ಎರಡು ಬೆರಳು, ಎಡಗೈಯ ಮುಷ್ಟಿ, ಮತ್ತೆ ಬಾಯಿ. ಬಾಯಿ ಮಾತ್ರ ಇವತ್ತಿಗೂ ಗಟ್ಟಿಯಿದೆ ಎಂದು ಅವ್ವ ಹೇಳುತ್ತಾಳೆ.

ಆ ಎರಡು ಬೆರಳಿನಿಂದಲೇ ನಾನು ಒಂದು ವಿಮಾ ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತಿದ್ದೆ. ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಕೆಲಸ. "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಆದರೂ ನಿಯಮಗಳ ಪ್ರಕಾರ..." ಇಂಥ ವಾಕ್ಯಗಳನ್ನು ದಿನವಿಡೀ ಬೇರೆಬೇರೆ ಜನರಿಗೆ ಬರೆದು ಬರೆದು ಅವು ನನ್ನ ಮೈಗೆ ಅಂಟಿಹೋಗಿದ್ದವು. ಮಧ್ಯಾಹ್ನ ಊಟವಾದ ಮೇಲೆ ನನ್ನ ಆಟದ ಹೊತ್ತು.

ಆಟದ ಕಂಟ್ರೋಲರ್ ಹಿಡಿಯುವುದಕ್ಕೆ ಎರಡು ಗಟ್ಟಿ ಕೈ, ಹತ್ತು ಬೆರಳು ಬೇಕು. ನನಗಾಗಿ ಅಪ್ಪ ಬೇರೆಯೇ ಒಂದನ್ನು ಮಾಡಿದ್ದ. ನಿವೃತ್ತಿಯಾದ ವರ್ಷದ ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಕುಳಿತು ಒಂದು ಹಳೆಯ ಕಂಟ್ರೋಲರ್ ಬಿಚ್ಚಿ, ಅದರ ಒಂದೊಂದು ಗುಂಡಿಯಿಂದ ತಂತಿ ಎಳೆದು, ಉಲ್ಲಾಸನಗರದಿಂದ ತಂದ ಅಗಲವಾದ ಹಗುರ ಗುಂಡಿಗಳಿಗೆ ಸೇರಿಸಿ, ಎಲ್ಲವನ್ನೂ ಒಂದು ಪ್ಲೈವುಡ್ ಹಲಗೆಯ ಮೇಲೆ ಕೂರಿಸಿದ. ತಿರುಗಿಸುವ ಪುಟ್ಟ ಕಡ್ಡಿಗೆ ಉದ್ದನೆಯ ಹಿಡಿ ಹಾಕಿದ, ಮುಷ್ಟಿಯಿಂದ ದೂಡಿದರೆ ಸಾಕು. ಹಲಗೆ ನನ್ನ ತೊಡೆಯ ಮೇಲೆ ಕೂರುತ್ತಿತ್ತು. ಮೊದಲ ಸಲ ಗುಂಡಿ ಒತ್ತಿ ಪರದೆಯ ಮೇಲಿನ ಕಾರು ಮುಂದೆ ಹೋದಾಗ ಅಪ್ಪ ನನ್ನನ್ನು ನೋಡಲಿಲ್ಲ, ಹಲಗೆಯನ್ನೇ ನೋಡುತ್ತಿದ್ದ. "ಹೊಂಟ್ತಲ್ಲ" ಅಂದ. ಅಷ್ಟೇ.

ನಾನು ಆಡುತ್ತಿದ್ದದ್ದು ಗುಡ್ಡಗಾಡು ರಸ್ತೆಗಳ ಕಾರು ರ‍್ಯಾಲಿ. ಇಬ್ಬರ ಜೋಡಿ, ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ಬೇರೆ ಊರಿನಲ್ಲಿ ತಮ್ಮ ಯಂತ್ರದ ಮುಂದೆ ಕುಳಿತು ನಕ್ಷೆ ನೋಡಿ ತಿರುವುಗಳನ್ನು ಕೂಗಿ ಹೇಳುತ್ತಾರೆ. ಓಡಿಸುತ್ತಿದ್ದದ್ದು ನಾನು. ತಿರುವು ಹೇಳುತ್ತಿದ್ದವನು ಠಾಣೆಯ ಪ್ರಸಾದ. ಕಾರ್ಕಳ ಕಡೆಯವರು, ಠಾಣೆ ಸ್ಟೇಷನ್ ಹತ್ತಿರ ಅವನ ಅಪ್ಪನ ಹೋಟೆಲು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಅವನಿಗೆ ಬಿಡುವು. ಈ ಜೋಡಿ ಹುಡುಕಿಕೊಟ್ಟದ್ದು ಯಂತ್ರವೇ, ನನ್ನ ಅದೃಷ್ಟ. ಮೊದಲ ದಿನ ಹಿಂದಿಯಲ್ಲಿ ಮಾತಾಡಿಕೊಂಡೆವು. ಒಂದು ತಿರುವಿನಲ್ಲಿ ನಾನು ಕಾರನ್ನು ಕಣಿವೆಗೆ ಕೆಡವಿದಾಗ ಅವನ ಬಾಯಿಂದ "ಅಯ್ಯೋ ದೇವರೇ, ಎಂತ ಮಾಡಿದಿರಿ ಮಾರಾಯ್ರೆ!" ಎಂದು ಬಂತು. ನಾನು "ಬ್ರೇಕ್ ಹತ್ತಲಿಲ್ಲರೀ" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಹಿಂದಿ ಬೇಕಾಗಲಿಲ್ಲ.

ಅವನು ತಿರುವುಗಳಿಗೆ ಹೋಟೆಲಿನ ಹೆಸರಿಟ್ಟಿದ್ದ. ಸುಮ್ಮನೆ ದುಂಡಗಿನ ತಿರುವು ಇಡ್ಲಿ. ಪೂರ್ತಿ ಹಿಂದಕ್ಕೆ ಮಗುಚುವಂಥದ್ದು ದೋಸೆ. ಕೆಸರು, ಹಿಮ, ಜಾರಿಕೆ ಇದ್ದಲ್ಲಿ ಸಾಂಬಾರು. "ಎಡಕ್ಕೆ ಇಡ್ಲಿ... ಸಾಂಬಾರುಂಟು, ಜಾಗ್ರತೆ... ಬಲಕ್ಕೆ ದೋಸೆ, ದೋಸೆ, ದೋಸೆ!" ಕಲ್ಯಾಣ ಸ್ಟೇಷನ್ನಿಗೆ ಒಬ್ಬಳೇ ಹೋಗಲಾರದ ನಾನು ಅವನ ಕೂಗಿನ ಬಲದ ಮೇಲೆ ಯಾವುದೋ ದೇಶದ ಹಿಮದ ಗುಡ್ಡಗಳನ್ನು ಇಳಿಯುತ್ತಿದ್ದೆ. ನನ್ನ ಕೈಗಳ ವಿಷಯವನ್ನು ತುಂಬ ದಿನ ಹೇಳಿರಲಿಲ್ಲ. ಹೇಳಿದ ದಿನ ಅವನು "ಹಾಗಾದ್ರೆ ಬ್ರೇಕ್ ಇನ್ನು ಸ್ವಲ್ಪ ಮೊದಲೇ ಹೇಳ್ತೇನೆ, ಆಯ್ತಾ?" ಅಂದ. ಅಯ್ಯೋ ಪಾಪ ಎನ್ನದೆ ನನ್ನೊಡನೆ ಮಾತಾಡಿದ ಮೊದಲ ಹೊರಗಿನವನು ಅವನು. ನಾನು ಅವನನ್ನು ನೋಡಿರಲಿಲ್ಲ. ನೋಡಬೇಕು ಅನ್ನಿಸುತ್ತಿತ್ತು, ಬೇಡವೂ ಅನ್ನಿಸುತ್ತಿತ್ತು.

ಹೊಸ ಯಂತ್ರ ಆಗಲೇ ಅಂಗಡಿಗೆ ಬಂದು ಒಂದೆರಡು ವರ್ಷವಾಗಿತ್ತು. ಹಳೆಯದೂ ಹೊಸದೂ ಅಣ್ಣ ತಮ್ಮಂದಿರ ಹಾಗೆ ಜೊತೆಯಲ್ಲೇ ಇರುತ್ತವೆ ಎಂದು ಕಂಪನಿ ಹೇಳುತ್ತ ಬಂದಿತ್ತು. ಆ ವರ್ಷ ಮಳೆ ಶುರುವಾದ ವಾರ ಇಮೇಲ್ ಬಂತು. ರ‍್ಯಾಲಿಯ ಮುಂದಿನ ಆವೃತ್ತಿ ಹೊಸ ಯಂತ್ರದಲ್ಲಿ ಮಾತ್ರ. ಹಳೆಯ ಆವೃತ್ತಿಯ ಆನ್‌ಲೈನ್ ಸೇವೆ ವರ್ಷದ ಕೊನೆಗೆ ನಿಲ್ಲುತ್ತದೆ. ಇಷ್ಟು ವರ್ಷ ನಮ್ಮೊಡನೆ ಇದ್ದುದಕ್ಕೆ ಹೃತ್ಪೂರ್ವಕ ಧನ್ಯವಾದ. ಆ ಕಡೆಯ ವಾಕ್ಯವನ್ನು ಎರಡು ಸಲ ಓದಿದೆ. ಅದನ್ನು ಬರೆದವರು ಎಲ್ಲಿ ಕುಳಿತು ಬರೆದರು, ಬರೆಯುವಾಗ ಅವರ ಮನಸ್ಸು ಎಲ್ಲಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ಅದೇ ಕೆಲಸದವಳು.

ನನ್ನ ತಮ್ಮ ಗಿರೀಶ ಅದೇ ಕಂಪನಿಯ ಮಾಲನ್ನು ಇಲ್ಲಿಯ ಅಂಗಡಿಗಳಿಗೆ ಹಂಚುವ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ತುರ್ಭೆಯಲ್ಲಿ ಆಫೀಸು, ಠಾಣೆಯಿಂದ ಬದಲಾಪುರದವರೆಗಿನ ಅಂಗಡಿಗಳು ಅವನ ಪಾಲು. ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ, ನಡುನಡುವೆ ಕನ್ನಡದ ಚೂರು. ಅವತ್ತು ಸಂಜೆ ಅವನನ್ನು ಕೇಳಿದೆ.

"ಏನೋ ಇದು? ಎರಡೂ ಜೋಡಿಲೇ ಇರ್ತಾವು ಅಂದಿದ್ರಲ್ಲ?"

"ಅಕ್ಕಾ, ಐಸಾ ಹೀ ಹೋತಾ ಹೈ," ಅಂದ ಬೂಟು ಬಿಚ್ಚುತ್ತ. "ಪೆಹಲೆ ಬೋಲ್‌ತೇ ಹೈಂ, ಹಳೇದನ್ನ ಬಿಡೂದಿಲ್ಲ. ಫಿರ್ ಫ್ಯಾಕ್ಟರಿ ಮೇ ಮಾಡೂದು ಬಂದ್, ಯಾರಿಗೂ ಹೇಳೂದಿಲ್ಲ. ಸ್ಟಾಕ್ ಖಾಲಿ ಆದ ಮೇಲೆ ಗೇಮ್ಸ್ ಬಂದ್, ಫಿರ್ ಸರ್ವರ್ ಬಂದ್. ಆಫೀಸ್ ಮೇ ಇಸ್ಕೋ 'ಸನ್‌ಸೆಟ್' ಬೋಲ್‌ತೇ ಹೈಂ."

ಸೂರ್ಯಾಸ್ತ! ನಮ್ಮ ಕಿಟಕಿಯಿಂದ ಸೂರ್ಯ ಮುಳುಗುವುದು ಎಂದೂ ಕಂಡದ್ದಿಲ್ಲ, ಕಾರ್ಖಾನೆಯ ಚಿಮಣಿಗಳ ಹಿಂದೆ ಬೂದಿ ಬಣ್ಣಕ್ಕೆ ತಿರುಗಿ ಆರಿಹೋಗುತ್ತದೆ. ಅದೇ ವಾರ ಗಿರೀಶ ಕಲ್ಯಾಣದ ಒಬ್ಬ ಅಂಗಡಿಯವನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು: ಹಳೆಯ ಯಂತ್ರಕ್ಕೆ ಇನ್ನೂ ಬಹಳ ವರ್ಷ ಬೇಡಿಕೆ ಇರುತ್ತದೆ, ದೀಪಾವಳಿಗೆ ಹೆಚ್ಚು ಇಟ್ಟುಕೊಳ್ಳಿ, ಚಿಂತೆ ಮಾಡಬೇಡಿ. ಮಾತು ಮುಗಿಸಿ ತಿರುಗಿದವನು ನಾನು ನೋಡುತ್ತಿರುವುದನ್ನು ಕಂಡು, "ಕ್ಯಾ?" ಅಂದ. ಏನಿಲ್ಲ ಅಂದೆ.

ಗಣಪತಿ ಹಬ್ಬಕ್ಕೆ ಪ್ರಸಾದನ ಮನೆಗೆ ಹೊಸ ಯಂತ್ರ ಬಂತು. ಒಂದೆರಡು ವಾರ ಅವನು ಹಳೆಯದರಲ್ಲೂ ನನ್ನೊಡನೆ ಆಡಿದ. ಆದರೆ ಅವನ ದನಿಯಲ್ಲಿ ಹೊಸದರ ಮಾತೇ ತುಂಬಿತ್ತು. "ಅಲ್ಲಿ ಧೂಳು ಎದ್ರೆ ನಿಜವಾದ ಧೂಳಿನ ಹಾಗೇ ಕಾಣ್ತದೆ ಮಾರಾಯ್ತಿ. ನೀನು ಬೇಗ ಬಾ. ನಿನ್ನ ಸೀಟು ಯಾರಿಗೂ ಕೊಡುದಿಲ್ಲ ನಾನು." ಆ ಹೊತ್ತಿಗೆ ನಾವು ಬಹುವಚನ ಬಿಟ್ಟಿದ್ದೆವು.

ದಸರೆಯ ಹೊತ್ತಿಗೆ ಗಿರೀಶ ಸ್ಟಾಫ್ ರಿಯಾಯಿತಿಯಲ್ಲಿ ಹೊಸ ಯಂತ್ರ ತಂದ. ಅವ್ವ ಅದಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡಿದಳು. ಅಪ್ಪ ಹಲಗೆಯ ತಂತಿಯನ್ನು ಹೊಸ ಯಂತ್ರಕ್ಕೆ ಚುಚ್ಚಿದ. ಪರದೆಯ ಮೇಲೆ ಬಾಣ ಅಲ್ಲಾಡಿತು. ಎಲ್ಲರಿಗೂ ಸಮಾಧಾನ. ರ‍್ಯಾಲಿಯ ಹೊಸ ಆವೃತ್ತಿ ತೆರೆದೆ. ಕಾರು ಕಾಣಿಸಿತು, ಮಂಜಿನ ಹಿಂದೆ ಗುಡ್ಡ ಕಾಣಿಸಿತು, ಅದರ ಮೇಲೆ ಒಂದು ಬಿಳಿ ಚೌಕ ಬಂದು ನಿಂತಿತು.

ಅಪ್ಪನಿಗೆ ಇಂಗ್ಲಿಷ್ ನಿಧಾನ. "ಏನಂತೈತಿ?" ಅಂದ.

"ಈ ಕಂಟ್ರೋಲರ್ ಹಳೇ ಆಟಕ್ಕಷ್ಟ ನಡೀತದಂತ. ಹೊಸ ಆಟಕ್ಕ ಹೊಸ ಕಂಟ್ರೋಲರೇ ಬೇಕಂತ."

"ಯಾಕ? ಗುಂಡಿ ಅವೇ ಅದಾವಲ್ಲ. ಕರೆಂಟ್ ಹೋಗಾಕ ಹತ್ತೈತಲ್ಲ."

"ಹೋಗ್ತದಪ್ಪಾ. ಅದು ಬ್ಯಾಡ ಅಂತದ."

ಅಪ್ಪ ತಂತಿ ಕಿತ್ತು ಮತ್ತೆ ಚುಚ್ಚಿದ. ಯಂತ್ರ ಆರಿಸಿ ಹಚ್ಚಿದ. ತಂತಿಯಲ್ಲಿ ದೋಷವಿದ್ದರೆ ಸರಿಮಾಡಬಹುದು, ಇದು ದೋಷವಲ್ಲ, ತೀರ್ಮಾನ. ಹೊಸ ಕಂಟ್ರೋಲರ್‌ಗಳು ಮಾರಾಟವಾಗಬೇಕು, ಹೊಸ ಆಟ ಹೊಸದಾಗಿಯೇ ಅನ್ನಿಸಬೇಕು ಎಂದು ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಪ್ಪಿಕೊಂಡಿದ್ದರು. ನನ್ನಂಥವರು ಅವರ ಮನಸ್ಸಿಗೇ ಬಂದಿರಲಿಕ್ಕಿಲ್ಲ. ದ್ವೇಷವಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು.

ಅಪ್ಪ ಮಾರನೆಯ ದಿನವೇ ಹೊಸ ಕಂಟ್ರೋಲರ್ ಬಿಚ್ಚಿದ. ಬಾಲ್ಕನಿಯಲ್ಲಿ ಅದೇ ಸ್ಟೂಲು, ಅದೇ ಬೆಸುಗೆಯ ಕಡ್ಡಿ. ಮಳೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಳೆಯದರ ಒಳಗೆ ಬೆಸುಗೆ ಹಾಕುವುದಕ್ಕೆ ಜಾಗವಿತ್ತು. ಹೊಸದರ ಒಳಗೆ ಎಲ್ಲವೂ ಕಾಗದಕ್ಕಿಂತ ತೆಳ್ಳಗಿನ ಹಾಳೆಗಳು, ಬೆರಳಿನ ಗುಂಡಿಗಳ ಹಿಂದೆ ಸಾಸಿವೆಯಷ್ಟು ಚಿಕ್ಕ ಹಲ್ಲಿನ ಗಾಲಿಗಳು. ಕಡ್ಡಿ ತಾಗಿಸಿದ ಕೂಡಲೇ ಹಾಳೆ ಸುಕ್ಕಾಗಿ ಕರಗಿತು. ಅಪ್ಪ ಬೈದುಕೊಳ್ಳಲಿಲ್ಲ. ಗಿರೀಶನಿಗೆ ಹೇಳಿ ಇನ್ನೊಂದು ತರಿಸಿದ. ಅದನ್ನು ಬಿಚ್ಚುವ ಮೊದಲು ಎರಡು ದಿನ ಬರೀ ನೋಡುತ್ತ ಕುಳಿತ. ಕಣ್ಣಿನ ಪೊರೆ ಆಗಲೇ ಶುರುವಾಗಿತ್ತು, ನಮಗೆ ಹೇಳಿರಲಿಲ್ಲ. ಎರಡನೆಯದರ ಹಾಳೆ ಹರಿಯಿತು.

ಒಳಗೆ ಬಂದು ನನ್ನ ಮಂಚದ ತುದಿಗೆ ಕುಳಿತ. "ನನ್ನ ಕೈಲಿ ಆಗೂದಿಲ್ಲವ್ವಾ," ಅಂದ. ಕಾರ್ಖಾನೆಯಲ್ಲಿ ದೊಡ್ಡ ಮೋಟರುಗಳ ಜೊತೆ ಆಯುಷ್ಯ ಕಳೆದವನು. ಅವನ ಬಾಯಿಂದ ಆ ಮಾತು ನಾನು ಹಿಂದೆ ಕೇಳಿರಲಿಲ್ಲ. ಬಿಡಪ್ಪಾ, ಒಂದು ಆಟ ಅಷ್ಟೇ ಅಂದೆ. ಅವನು ನನ್ನನ್ನು ನೋಡಿದ ರೀತಿಗೆ, ಹಾಗೆ ಅನ್ನಬಾರದಾಗಿತ್ತು ಅನ್ನಿಸಿತು. ಅದು ಆಟವಲ್ಲ ಎಂದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಗಿರೀಶನಿಗೂ ಮನಸ್ಸಿಗೆ ಹತ್ತಿತ್ತು. ಎಲ್ಲಿಂದಲೋ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಾಧನ ತಂದ. ಹಳೆಯ ಕಂಟ್ರೋಲರ್ ಮತ್ತು ಹೊಸ ಯಂತ್ರದ ನಡುವೆ ಅದನ್ನು ಚುಚ್ಚಿದರೆ, ಬಂದದ್ದು ಹೊಸ ಕಂಟ್ರೋಲರೇ ಎಂದು ಯಂತ್ರ ನಂಬುತ್ತದೆ. ಬೇರೆ ಯಾರೋ ಮಾಡಿ ಮಾರುವ ಮಾಲು. "ಆಫೀಸ್ ಮೇ ಕಿಸೀ ಕೋ ಮತ್ ಬೋಲ್ನಾ," ಅಂದ, ಆಫೀಸಿಗೆ ಇದು ತಿಳಿಯಬಾರದು. ಚುಚ್ಚಿದೆವು. ಬಿಳಿ ಚೌಕ ಬರಲಿಲ್ಲ. ಕಾರು ಹೊರಟಿತು.

ಆ ವಾರ ನನ್ನ ಬದುಕಿನ ಒಳ್ಳೆಯ ವಾರಗಳಲ್ಲಿ ಒಂದು. ಪ್ರಸಾದ ಹೇಳಿದ್ದು ನಿಜ, ಧೂಳು ಧೂಳಿನ ಹಾಗೇ ಏಳುತ್ತಿತ್ತು. ಮಳೆಯ ಹನಿ ಗಾಜಿನ ಮೇಲೆ ಓರೆಯಾಗಿ ಹರಿಯುತ್ತಿತ್ತು. ಪ್ರಸಾದ ಖುಷಿಯಲ್ಲಿ ತುಳು ಬೆರೆಸಿ ಕೂಗುತ್ತಿದ್ದ. ಒಂದು ಮಧ್ಯಾಹ್ನ ನಮ್ಮ ಜೋಡಿ ಆ ದಿನದ ಪಟ್ಟಿಯಲ್ಲಿ ದೇಶಕ್ಕೇ ಮೊದಲಾಯಿತು. ಅಪ್ಪ ಪರದೆಯ ಮೇಲಿನ ನನ್ನ ಹೆಸರನ್ನು ಫೋನಿನಲ್ಲಿ ಫೋಟೊ ತೆಗೆದು ಬಾಗಲಕೋಟೆಯ ಕಾಕಾನಿಗೆ ಕಳಿಸಿದ. ಕಾಕಾ, ಯಾವ ಪರೀಕ್ಷೆ ಎಂದು ಕೇಳಿದ.

ಆಮೇಲೆ ಅಪ್‌ಡೇಟ್ ಬಂತು. ನಮ್ಮನ್ನು ಏನೂ ಕೇಳದೆ ಯಂತ್ರ ತಾನೇ ಇಳಿಸಿಕೊಂಡಿತು. ಮಧ್ಯಾಹ್ನ ಪ್ರಸಾದ ಕಾಯುತ್ತಿದ್ದ. ನಾನು ಆಟ ತೆರೆದಾಗ ಬಿಳಿ ಚೌಕ ಬಂತು, ಈ ಸಲ ಬೇರೆ ಮಾತು. ಅನುಮತಿಯಿಲ್ಲದ ಸಾಧನ ಪತ್ತೆಯಾಗಿದೆ, ಅದನ್ನು ತೆಗೆಯಿರಿ. ಮೋಸ ಮಾಡಿ ಗೆಲ್ಲುವವರು ಇಂಥ ಸಾಧನಗಳನ್ನು ಬಳಸುತ್ತಾರಂತೆ, ಅವರನ್ನು ತಡೆಯಲು ಈ ಕ್ರಮವಂತೆ.

"ನಾನು ಮೋಸಗಾರ್ತಿ ಅಂತ," ಎಂದು ಪ್ರಸಾದನಿಗೆ ಹೇಳಿ ನಕ್ಕೆ.

"ಅವರಿಗೆ ನಿನ್ನ ವಿಷ್ಯ ಗೊತ್ತಿಲ್ಲ ಅಲ್ವಾ. ಗೊತ್ತಾದ್ರೆ ಏನಾದ್ರೂ ಮಾಡ್ತಾರೆ," ಅಂದ ಅವನು. ಒಳ್ಳೆಯ ಹುಡುಗ. ಗೊತ್ತಾದರೆ ಮಾಡುತ್ತಾರೆ ಎಂದು ನಂಬುವ ಜನರಲ್ಲಿ ಒಬ್ಬ.

ಗೊತ್ತು ಮಾಡುವ ಅವಕಾಶವೂ ಬಂತು. ದೀಪಾವಳಿಗೆ ಮುಂಚಿನ ಭಾನುವಾರ ನವಿ ಮುಂಬಯಿಯ ಒಂದು ಮಾಲ್‌ನಲ್ಲಿ ಕಂಪನಿಯ ಮೇಳ. ಹಳೆಯ ಯಂತ್ರ ತಂದುಕೊಟ್ಟವರಿಗೆ ಹೊಸದರ ಮೇಲೆ, ಅದರ ಆಟಗಳ ಮೇಲೆ ರಿಯಾಯಿತಿ. ದಿಲ್ಲಿಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಅವರೊಡನೆ ಮಾತಾಡಿಸುತ್ತೇನೆ ಎಂದು ಗಿರೀಶ ಹೇಳಿದ. ಅಪ್ಪ ಹಲಗೆಯನ್ನು ಸೀರೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡ. ಕಾರಿನಲ್ಲಿ ಶೀಳ್ ಫಾಟಾ ಕೂಡುರಸ್ತೆ ದಾಟಿ ಹೋಗುವ ತನಕ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ. ಪ್ರಸಾದನೂ ಬರುವವನಿದ್ದ. ಅವ್ವ ನನಗೆ ಹಸಿರು ಚೂಡಿದಾರ ಹಾಕಿ, ಯಾಕೆ ಎಂದು ಕೇಳದೆ ಹೂ ಮುಡಿಸಿದ್ದಳು.

ಮಾಲ್‌ನ ನಡುವೆ ಗಾಜಿನ ದೊಡ್ಡ ತೊಟ್ಟಿ. ಅದರಲ್ಲಿ ಜನ ತಂದ ಹಳೆಯ ಯಂತ್ರಗಳನ್ನು ಹಾಕುತ್ತಿದ್ದರು. ಒಂದೊಂದು ಬಿದ್ದಾಗಲೂ ಒಂದು ಹುಡುಗಿ ಗಂಟೆ ಬಾರಿಸುತ್ತಿದ್ದಳು, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲವನ್ನೂ ಒಡೆದು ಕರಗಿಸುತ್ತಾರಂತೆ, ಪರಿಸರಕ್ಕೆ ಒಳ್ಳೆಯದಂತೆ. ಹಾಗೆ ಒಂದು ಯಂತ್ರವನ್ನು ಎದೆಗವಚಿಕೊಂಡು ಸಾಲಿನಲ್ಲಿ ನಿಂತಿದ್ದವನೊಬ್ಬ ಗಂಟೆ ಬಾರಿಸುವವಳ ಜೊತೆ ಮಾತಾಡಿದ. ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಗಾಲಿ ಕುರ್ಚಿ ಕಂಡು ಅವನಿಗೂ ಗೊತ್ತಾಯಿತು.

ಪ್ರಸಾದ ನನ್ನ ಎದುರು ಬಂದು ನಿಂತ. ಉದ್ದಕ್ಕೆ, ತೆಳ್ಳಗೆ, ಶರಟಿನ ತೋಳು ಮಡಚಿದವನು. ಒಂದು ಕೈಯಲ್ಲಿ ಹೋಟೆಲಿನ ಬನ್ಸ್ ಕಟ್ಟಿದ ಪೊಟ್ಟಣ, ಇನ್ನೊಂದರಲ್ಲಿ ಹಳೆಯ ಯಂತ್ರ. "ನಿನಗೆ ಅಂತ ತಂದೆ. ಬಿಸಿ ಇತ್ತು, ರೈಲಿನಲ್ಲಿ ಆರಿತು," ಅಂದ. ನನ್ನ ಕಣ್ಣು ಯಂತ್ರದ ಮೇಲಿದ್ದುದನ್ನು ನೋಡಿ ಅವನ ಮುಖ ಸಣ್ಣದಾಯಿತು. "ಹೇಗೂ ಡಿಸೆಂಬರ್‌ಗೆ ಬಂದ್ ಆಗ್ತದಲ್ಲ... ಅಪ್ಪ ಹೇಳಿದ್ರು, ಸುಮ್ನೆ ಯಾಕೆ ಮನೇಲಿ ಅಂತ."

"ಹೌದಲ್ಲ," ಅಂದೆ. "ಕೊಡು, ಕೊಡು. ಸಾಲು ಮುಂದ ಹೊಂಟೈತಿ." ಇನ್ನೂ ಒಂದೆರಡು ತಿಂಗಳ ಮಧ್ಯಾಹ್ನಗಳು ಉಳಿದಿದ್ದವು. ಅವನು ಹೋಗಿ ಯಂತ್ರ ಹಾಕಿದ. ಹುಡುಗಿ ಗಂಟೆ ಬಾರಿಸಿದಳು. ನಮ್ಮಲ್ಲಿ ಅಪ್ಪ ಮಾತ್ರ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು.

ದೊಡ್ಡ ಸಾಹೇಬರು ನಿಜವಾಗಿ ಸಭ್ಯರು. ನನ್ನ ಕುರ್ಚಿಯ ಮಟ್ಟಕ್ಕೆ ಬಗ್ಗಿ ಕೈ ಮುಗಿದರು. ಅಪ್ಪ ಹಲಗೆ ತೆಗೆದು ಮೇಜಿನ ಮೇಲಿಟ್ಟ. ಅವರು ಗುಂಡಿಗಳನ್ನು ಒಂದೊಂದಾಗಿ ಒತ್ತಿ, "ಅಮೇಜಿಂಗ್, ಅಂಕಲ್, ಅಮೇಜಿಂಗ್" ಅಂದರು.

"ಸಾಹೇಬ್," ಅಂದ ಅಪ್ಪ ತನ್ನ ಕಾರ್ಖಾನೆಯ ಹಿಂದಿಯಲ್ಲಿ, "ಯೇ ನಯಾವಾಲಾ ಮಶೀನ್ ಮೇ ಚಲೇಗಾ ಐಸಾ ಕುಛ್ ಕರೋ. ಬಸ್, ಇತನಾಹೀ." ಹೊಸ ಯಂತ್ರದಲ್ಲಿ ಇದು ನಡೆಯುವ ಹಾಗೆ ಮಾಡಿ, ಅಷ್ಟೇ ಅವನು ಕೇಳಿದ್ದು.

"ಜರೂರ್ ಅಂಕಲ್. ಮೈಂ ಯೇ ಫೀಡ್‌ಬ್ಯಾಕ್ ಊಪರ್ ಭೇಜೂಂಗಾ." ನಿಮ್ಮ ಮಾತನ್ನು ಮೇಲಿನವರಿಗೆ ಮುಟ್ಟಿಸುತ್ತೇನೆ: ಅದೇ ವಾಕ್ಯವನ್ನು ನಾನು ಆ ವಾರ ಎಷ್ಟು ಜನರಿಗೆ ಬರೆದಿದ್ದೆನೋ! ಊಪರ್ ಎಂಬ ಜಾಗ ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದು ಫೋಟೊ ಎಂದರು. ಯಾರೋ ಹಲಗೆಯನ್ನು ಪಕ್ಕಕ್ಕೆ ಸರಿಸಿ, ನನ್ನ ತೊಡೆಯ ಮೇಲೆ ಹೊಸ ಕಂಟ್ರೋಲರ್ ಇಟ್ಟರು. ನನ್ನ ಎರಡೂ ಕೈಯೆತ್ತಿ ಅದರ ಮೇಲೆ ಜೋಡಿಸಿದರು, ಗೊಂಬೆಯ ಕೈ ಜೋಡಿಸಿದ ಹಾಗೆ. "ಸ್ಮೈಲ್, ಮ್ಯಾಮ್." ಗಿರೀಶ ಫೋಟೊಗ್ರಾಫರನ ಹಿಂದೆ ನಿಂತು ತಾನೂ ನಗುತ್ತ, ನಗು ಎಂದು ಸನ್ನೆ ಮಾಡುತ್ತಿದ್ದ. ನಾನು ನಕ್ಕೆ. ಹೊರಡುವಾಗ ಒಂದು ಟೀ ಶರ್ಟ್ ಕೊಟ್ಟರು.

ದೀಪಾವಳಿಯ ದಿನ ಆ ಫೋಟೊ ಕಂಪನಿಯ ಪುಟದಲ್ಲಿ ಬಂತು. ಹೊಸ ಪೀಳಿಗೆ, ಎಲ್ಲರ ಪೀಳಿಗೆ ಎಂದು ಮೇಲೆ ದೊಡ್ಡ ಅಕ್ಷರಗಳು. ಸಾವಿರಾರು ಜನ ಹೃದಯದ ಗುರುತು ಒತ್ತಿದ್ದರು. ಎಂಥ ಧೈರ್ಯ ಎಂದು ಬರೆದಿದ್ದರು. ಗಿರೀಶನನ್ನು ಕರೆದೆ.

"ಇದನ್ನ ತೆಗಿಸು."

"ಅಕ್ಕಾ, ಕಿತನಾ ಅಚ್ಛಾ ಆಯಾ ಹೈ. ಪೂರಾ ಆಫೀಸ್..."

"ಆ ಕಂಟ್ರೋಲರ್ ನನ್ನ ಕೈಲೆ ಎತ್ತಾಕೂ ಆಗೂದಿಲ್ಲ. ನಿನಗ ಗೊತ್ತೈತಿ. ನೀನ ಅಲ್ಲಿ ನಿಂತಿದ್ದಿ."

ಅವನು ನೆಲ ನೋಡಿದ. ಅಪರೂಪಕ್ಕೆ, ಪೂರ್ತಿ ಕನ್ನಡದಲ್ಲಿ ಮಾತಾಡಿದ. "ನಾ ಹೋಗಿ ಏನಂತ ಹೇಳ್ಲಿ ಅಕ್ಕಾ? ನಮ್ಮ ಮಷಿನ್ ನನ್ನ ಅಕ್ಕಗ ನಡಿಯೂದಿಲ್ಲ, ಫೋಟೊ ಸುಳ್ಳು ಅಂತ ಹೇಳ್ಲಿ? ನೌಕರಿ ಉಳಿತದ?"

ಅಪ್ಪ ಅಲ್ಲೇ ಇದ್ದ. ಎದ್ದು ಬಾಲ್ಕನಿಗೆ ಹೋದ. ಹಬ್ಬದ ಊಟ ಆರಿಹೋಯಿತು. ಫೋಟೊ ಇವತ್ತಿಗೂ ಅಲ್ಲೇ ಇದೆ. ಹೊಸ ವರ್ಷಕ್ಕೆ ಗಿರೀಶನಿಗೆ ಬಡ್ತಿ ಬಂತು, ಮುಂದೆ ಕಳಂಬೋಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡ, ಮದುವೆಯಾಗಿ ಅಲ್ಲಿಗೆ ಹೋದ. ನಾವು ಜಗಳವಾಡಿ ಬೇರೆಯಾದದ್ದಲ್ಲ. ಅವನು ಬಂದಾಗ ಚಹಾ ಕುಡಿಯುತ್ತೇವೆ, ಅಪ್ಪನ ಕಣ್ಣಿನ ಬಗ್ಗೆ ಮಾತಾಡುತ್ತೇವೆ. ಆಫೀಸಿನ ಮಾತು ಅವನು ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ.

ಹಳೆಯ ಸರ್ವರ್ ನಿಂತದ್ದು ಡಿಸೆಂಬರಿನ ಒಂದು ಮಧ್ಯಾಹ್ನ. ಪ್ರಸಾದ ಆ ವಾರ ಎರಡು ಸಲ ಫೋನ್ ಮಾಡಿದ್ದ. ಹೊಸದರಲ್ಲಿ ಅವನಿಗೆ ಪುಣೆಯ ಒಬ್ಬ ಹುಡುಗನ ಜೋಡಿ ಸಿಕ್ಕಿತ್ತು. "ಅವನಿಗೆ ದೋಸೆ ಅಂದ್ರೆ ಅರ್ಥವೇ ಆಗುದಿಲ್ಲ," ಅಂದ, ನನ್ನನ್ನು ನಗಿಸಲೆಂದು. ಇನ್ನೂ ಕೆಲವು ತಿಂಗಳು ಫೋನ್ ಬರುತ್ತಿತ್ತು. ಆಡುವಾಗ ನಮಗೆ ಮಾತಿಗೆ ಬರವಿರಲಿಲ್ಲ. ಆಟವಿಲ್ಲದೆ, ಊಟವಾಯಿತಾ, ಮಳೆ ಉಂಟಾ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಅವನ ಮದುವೆಯ ಕರೆಯೋಲೆ ವಾಟ್ಸ್ಯಾಪಿನಲ್ಲಿ ಬಂತು. ನಾನು ಒಳ್ಳೆಯದಾಗಲಿ ಎಂದು ಬರೆದೆ. ಒಳ್ಳೆಯದಾಗಲಿ ಎಂದೇ ಬಯಸಿದ್ದೆ ಕೂಡ, ಹೆಚ್ಚು ಕಡಿಮೆ.

ಆ ಮಧ್ಯಾಹ್ನ ನಾನು ಹಳೆಯ ಯಂತ್ರ ಹಚ್ಚಿ, ಗುರುತಿಲ್ಲದ ಯಾರದೋ ಜೊತೆ ಒಂದು ಗುಡ್ಡ ಇಳಿಯುತ್ತಿದ್ದೆ. ಆ ಕಡೆಯವರು ಮಾತಾಡುತ್ತಿರಲಿಲ್ಲ, ಮೈಕು ಇರಲಿಲ್ಲವೋ ಏನೋ. ಊಹೆಯ ಮೇಲೆಯೇ ತಿರುಗಿಸುತ್ತಿದ್ದೆ. ಅರ್ಧ ದಾರಿಯಲ್ಲಿ ಚಿತ್ರ ನಿಂತಿತು. ಸಂಪರ್ಕವಿಲ್ಲ ಎಂದು ಬರೆಯಿತು. ಅಪ್ಪ ಪಕ್ಕದಲ್ಲಿ ಕುಳಿತಿದ್ದ.

"ಮುಗೀತೇನು?"

"ಮುಗೀತಪ್ಪಾ."

ಅವನು ನನ್ನ ತೊಡೆಯಿಂದ ಹಲಗೆ ಎತ್ತಿ, ತಂತಿ ಬಿಡಿಸಿ ನೀಟಾಗಿ ಸುತ್ತಿ, ಒಂದು ಹಳೆಯ ಟವೆಲಿನಲ್ಲಿ ಕಟ್ಟಿದ. ಎಲ್ಲಿಟ್ಟ ಎಂದು ನಾನು ಕೇಳಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆಸಿಕೊಂಡು, ಬಾಕಿಯಿದ್ದ ದೂರುಗಳಿಗೆ ಉತ್ತರ ಬರೆದೆ. ಅವತ್ತು ಯಾರಿಗೂ ಅವರ ಬೇಸರ ಅರ್ಥವಾಗುತ್ತದೆ ಎಂದು ಬರೆಯಲಿಲ್ಲ. ಮೇಲಿನವರು ಮಾರನೆಯ ದಿನ ಆ ಸಾಲು ಸೇರಿಸಿ ಕಳಿಸಿದರಂತೆ.

ಇದಾದ ಮೇಲೆ ಎರಡು ಮಳೆಗಾಲ ಹೋದವು. ಕಂಪನಿಯ ಲೆಕ್ಕದಲ್ಲಿ ಎರಡು ವರ್ಷ ಎಂದರೆ ಏನೂ ಅಲ್ಲ, ಒಂದು ಯೋಜನೆಯಿಂದ ಇನ್ನೊಂದಕ್ಕೆ ಹೊರಳುವ ಸಮಯ. ನನ್ನ ಕಾಯಿಲೆಗೂ ಅದರದೇ ಯೋಜನೆ ಇತ್ತು. ಈಗ ನಾನು ಬರೆಯುವುದಿಲ್ಲ, ಹೇಳುತ್ತೇನೆ, ಫೋನು ಕೇಳಿಸಿಕೊಂಡು ಅಕ್ಷರ ಮಾಡುತ್ತದೆ. ಇದನ್ನೂ ಹಾಗೆಯೇ ಬರೆಸಿದ್ದು. ಬೇರೆ ಮನೆಯಲ್ಲಿದ್ದ ಗಿರೀಶನಿಗೆ ನನ್ನ ಕೈಯ ಈ ಸ್ಥಿತಿ ಅಷ್ಟಾಗಿ ತಿಳಿದಿರಲಿಲ್ಲ. ನಾನು ಹೇಳಿರಲಿಲ್ಲ, ಅವನಿಗೆ ಹೇಳಬೇಡ ಎಂದು ಅವ್ವನನ್ನೂ ತಡೆದಿದ್ದೆ. ಅಪ್ಪನಿಗೆ ಗೊತ್ತಿತ್ತು, ನನಗೆ ಊಟ ಮಾಡಿಸುವವನು ಅವನೇ.

ಒಂದು ಭಾನುವಾರ ಗಿರೀಶ ದೊಡ್ಡ ಪೆಟ್ಟಿಗೆ ಹಿಡಿದುಕೊಂಡು ಬಂದ. ಮುಖದಲ್ಲಿ ಹಳೆಯ ಗಿರೀಶನ ಕಳೆ. "ಅಕ್ಕಾ, ಆ ಗಯಾ! ಸ್ಪೆಷಲ್ ಕಂಟ್ರೋಲರ್. ಇಂಡಿಯಾ ಮೇ ಅಭೀ ಲಾಂಚ್ ಹುವಾ. ಪೆಹಲಾ ಪೀಸ್ ತೇರೇ ಲಿಯೇ." ಕೈಗಳಲ್ಲಿ ಶಕ್ತಿ ಕಡಿಮೆ ಇರುವವರಿಗೆಂದೇ ಕಂಪನಿ ಮಾಡಿದ್ದು. ನಾವು ಮಾಲ್‌ಗೆ ಹೋಗಿದ್ದ ಕಾಲಕ್ಕೆ ಅದು ಬೇರೆ ದೇಶಗಳಲ್ಲಿ ಆಗಲೇ ಮಾರಾಟಕ್ಕಿತ್ತು, ನಮ್ಮ ದೇಶದಲ್ಲಿ ಬೇಡಿಕೆ ಇರಲಾರದು ಎಂದು ತಂದಿರಲಿಲ್ಲ ಎಂಬುದನ್ನೂ ಅವನೇ ಹೇಳಿದ, ಹೇಳಬೇಕೆಂದಿರದಿದ್ದರೂ ಬಾಯಿ ತಪ್ಪಿ.

ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಪೆಟ್ಟಿಗೆಯಿಂದ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅಗಲವಾದ ಗುಂಡಿಗಳು, ಉದ್ದನೆಯ ಹಿಡಿ, ತೊಡೆಯ ಮೇಲೆ ಸಮನಾಗಿ ಕೂರುವ ಚಪ್ಪಟೆ ತಳ. "ಛಲೋ ಮಾಡ್ಯಾರ," ಅಂದ. "ನನಗಿಂತ ಛಲೋ ಮಾಡ್ಯಾರ." ಅದರಲ್ಲಿ ವ್ಯಂಗ್ಯವಿರಲಿಲ್ಲ. ಒಬ್ಬ ಫಿಟರ್ ಇನ್ನೊಬ್ಬನ ಕೆಲಸ ನೋಡಿ ಆಡಿದ ಮಾತು ಅದು.

ಗಿರೀಶ ಟಿವಿಗೆ ಎಲ್ಲ ಜೋಡಿಸಿದ. ಅಪ್ಪ ಒಂದು ಗುಂಡಿ ಒತ್ತಿ ನೋಡಿದ, ಪರದೆಯಲ್ಲಿ ಕಾರು ಕಾಣಿಸಿತು. ಆಮೇಲೆ ಅದನ್ನು ನನ್ನ ತೊಡೆಯ ಮೇಲಿಟ್ಟು, ನನ್ನ ಬಲಗೈಯನ್ನು ಎತ್ತಿ ಗುಂಡಿಯ ಮೇಲೆ ಕೂರಿಸಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಒತ್ತಿದೆ. ಒತ್ತುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಕಾರು ನಿಂತಲ್ಲೇ ನಿಂತಿತ್ತು.

"ಕನೆಕ್ಟ್ ನಹೀ ಹುವಾ ಶಾಯದ್," ಎಂದು ಗಿರೀಶ ಮೊಣಕಾಲೂರಿ ಕುಳಿತ. ತಂತಿ ತೆಗೆದ, ಹಾಕಿದ. ಸೆಟ್ಟಿಂಗ್ ತೆರೆದು ಏನೇನೋ ಬದಲಿಸಿದ. "ಏಕ್ ಮಿನಿಟ್ ಅಕ್ಕಾ. ಸೆನ್ಸಿಟಿವಿಟಿ ಕಮ್ ಹೋಗೀ. ಅಬ್ ದಬಾ." ನಾನು ಮತ್ತೆ ಒತ್ತಿದೆ. "ಅಬ್?" ಮತ್ತೆ ಒತ್ತಿದೆ. ಅವನು ಪೆಟ್ಟಿಗೆಯೊಳಗಿನ ಪುಸ್ತಕ ತೆಗೆದು ಪುಟ ತಿರುವತೊಡಗಿದ, ಸರ್ವಿಸ್‌ನವರಿಗೆ ಫೋನ್ ಮಾಡುತ್ತೇನೆ ಅಂದ.

ಅಪ್ಪ ನನ್ನ ಕೈಯನ್ನು ಮೆಲ್ಲಗೆ ಗುಂಡಿಯ ಮೇಲಿಂದ ತೆಗೆದು ತನ್ನ ಅಂಗೈಯಲ್ಲಿ ಇಟ್ಟುಕೊಂಡ.

"ಬಿಡೋ ಗಿರೀಶಾ," ಅಂದ. "ಮಷಿನ್ ಬರೋಬ್ಬರಿ ಐತಿ."